ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ

ಶಾಲಾ ಬಸ್ ಕಂಪನಿಯ ಮ್ಯಾನೇಜರಿಗೆ ಕಚೇರಿಯವರು ಇಟ್ಟ ಹೆಸರು ಸ್ವಿಚ್ಚಪ್ಪ. ಯಾರಾದರೂ ನೀರು ಕುಡಿಯಲು ಎದ್ದರೆ ಸಾಕು, ವಾಪಸು ಬರುವಷ್ಟರಲ್ಲಿ ಅವರ ತಲೆಯ ಮೇಲಿನ ಫ್ಯಾನು ನಿಂತಿರುತ್ತಿತ್ತು. ಈಗ ಆ ಪುಣ್ಯಾತ್ಮನ ಕಣ್ಣು ಕಂಪ್ಯೂಟರ್ ಕೋಣೆಯ ಮೇಲೆ ಬಿದ್ದಿತ್ತು.

ಅಲ್ಲಿದ್ದದ್ದು ಒಂದು ಕಡೆಯಿಂದ ಸಂದೇಶ ಪಡೆದು ಇನ್ನೊಂದು ಕಡೆಗೆ ಮುಟ್ಟಿಸುವ ಮೂರು ಕ್ಲಸ್ಟರುಗಳು, ಅಂದರೆ ಕಂಪ್ಯೂಟರ್ ಗುಂಪುಗಳು. ಅವುಗಳಲ್ಲಿ ಕೆಲಸವಿಲ್ಲದೆ ಕೂತಿರುವುದು ಯಾವುದೆಂದು ಪತ್ತೆ ಮಾಡುವ ಹೊಣೆ, ಆರು ತಿಂಗಳ ಹಿಂದೆ ಸೇರಿದ ಎಂಜಿನಿಯರಮ್ಮನದು. ಅವನ್ನು ಕಟ್ಟಿದವನು ಕೆಲಸ ಬಿಟ್ಟು ಹೋಗುವಾಗ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ. ಅವಳು ತಿಂಗಳ ಸರಾಸರಿ ನೋಡಿದಳು. ಎರಡರಲ್ಲಿ ಸೆಕೆಂಡಿಗೆ 0.00 ಸಂದೇಶ. ಸಂಪರ್ಕದಲ್ಲಿ ಯಾರೂ ಇಲ್ಲ. ಎರಡೂ ಖಾಲಿ ಎಂದು ಬರೆದುಕೊಟ್ಟು ಕೈತೊಳೆದುಕೊಂಡಳು. ಒಂದನ್ನು ಹೋದ ವಾರವೇ ನಿಲ್ಲಿಸಿದ್ದರು, ಯಾರೂ ಕೇಳಿಕೊಂಡು ಬರಲಿಲ್ಲ. ಇನ್ನೊಂದಕ್ಕೆ ಇವತ್ತು ನಾಲ್ಕು ಗಂಟೆಗೆ ಮುಹೂರ್ತ.

ಮಧ್ಯಾಹ್ನದಿಂದ ಅವಳು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಆ ಎರಡು ಸೊನ್ನೆಗಳ ಮುಂದೆ ಏನಿದೆ? ಪರದೆ ತೋರಿಸುವುದೇ ಎರಡು ಅಂಕಿ. ದಿನಕ್ಕೆ ನಾಲ್ಕಾರು ಸಂದೇಶ ಬಂದರೆ ಸೆಕೆಂಡಿನ ಲೆಕ್ಕದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು, ವೇಗದ ಲೆಕ್ಕ ಬಿಟ್ಟು ಕ್ರಮಸಂಖ್ಯೆ ನೋಡಿದಳು. ಬಂದ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಬೀಳುತ್ತದೆ. ಮೊನ್ನೆಯಿಂದ ನಿನ್ನೆಗೆ ಅದು ನಲವತ್ತು ಏರಿತ್ತು. ಅದರ ಹಿಂದಿನ ದಿನವೂ ನಲವತ್ತು.

ಕಂಪನಿಯ ಬಸ್ಸುಗಳೂ ನಲವತ್ತೇ. ಒಂದು ಸಂದೇಶ ತೆರೆದಳು: "ಬಸ್ 12. ಹಿಂದಿನ ಗುಂಡಿ ಒತ್ತಿದೆ. ಖಾಲಿ." ಸಂಜೆ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಡ್ರೈವರ್ ಕೊನೆಯ ಸೀಟಿನವರೆಗೆ ನಡೆದು ಒತ್ತಬೇಕಾದ ಗುಂಡಿ ಅದು. ದಿನಾ ನಾಲ್ಕೂವರೆಗೆ ಒಂದು ಪುಟ್ಟ ಪ್ರೋಗ್ರಾಂ ಎದ್ದು, ಪಟ್ಟಿ ಓದಿ, ಒತ್ತದವರಿಗೆ ಫೋನ್ ಮಾಡಿ ಮತ್ತೆ ಮಲಗುತ್ತಿತ್ತು. ಉಳಿದ ಹೊತ್ತು ಸಂಪರ್ಕದಲ್ಲಿ ಯಾರೂ ಕಾಣದಿದ್ದದ್ದು ಅದಕ್ಕೇ.

"ಸಾರ್, ನಿಲ್ಲಿಸ್ಬೇಡಿ! ಅದು ಖಾಲಿ ಇಲ್ಲ."

"ಖಾಲಿ ಅಂತ ಸಹಿ ಹಾಕಿದ್ದು ಯಾರಮ್ಮ, ನಮ್ಮಜ್ಜಿನಾ?"

"ನಾನೇ ಸಾರ್, ತಪ್ಪು ನಂದೇ. ನಾಲ್ಕೂವರೆ ತನಕ ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲೆಲ್ಲ ಬೇಡ. ನಾಲ್ಕೂವರೆ ಅಂದ್ರೆ ನಾಲ್ಕೂವರೆ, ಅಷ್ಟೇ." ಗೊಣಗುತ್ತಲೇ ಸ್ವಿಚ್ಚಪ್ಪ ಅವಳ ಪಕ್ಕ ಕುರ್ಚಿ ಎಳೆದುಕೊಂಡ.

ನಾಲ್ಕು ಗಂಟೆಗೆ ಇವತ್ತಿನ ಸಂದೇಶಗಳ ಸಂಖ್ಯೆ ಏರತೊಡಗಿತು. ಐದು, ಹನ್ನೊಂದು, ಇಪ್ಪತ್ತಾರು. ಮೂವತ್ತೊಂಬತ್ತಕ್ಕೆ ಬಂದು ನಿಂತಿತು. ಅವಳು ಉಗುರು ಕಚ್ಚುತ್ತಾ ಎದ್ದಳು, ಕೂತಳು, ಮತ್ತೆ ಎದ್ದಳು. ನಾಲ್ಕೂವರೆಗೆ ಪರದೆಯಲ್ಲಿ ಒಂದು ಸಾಲು ಮೂಡಿತು: "ಬಸ್ 31. ಡ್ರೈವರಿಗೆ ಫೋನ್ ಹೋಗಿದೆ."

ಐದು ನಿಮಿಷದಲ್ಲಿ ಕಚೇರಿಯ ಫೋನ್ ಬಡಿದುಕೊಂಡಿತು. ಸ್ವಿಚ್ಚಪ್ಪ ಸ್ಪೀಕರಿಗೆ ಹಾಕಿದ.

"ಸಾರ್, ನಾನು ಮೂವತ್ತೊಂದರ ಡ್ರೈವರ್." ಮುದುಕ ಏದುತ್ತಿದ್ದ. "ಬಸ್ಸಿಗೆ ಬೀಗ ಹಾಕಿ ಮನೆಗೆ ಹೊರಟಿದ್ದೆ. ಫೋನ್ ಬಂತು ಅಂತ ವಾಪಸ್ ಬಂದು ನೋಡ್ತೀನಿ, ಹಿಂದಿನ ಸೀಟಲ್ಲಿ ಮಗು! ಬ್ಯಾಗ್ ತಬ್ಕೊಂಡು ಮಲಗಿದೆ. ಮೈಯೆಲ್ಲ ಬೆವರು... ಎದ್ದು ನೀರು ಕೇಳ್ತಿದೆ ಸಾರ್, ಏನೂ ಆಗಿಲ್ಲ."

ಅವಳಿಗೆ ಹೋದ ಜೀವ ಬಂದಂತಾಯಿತು. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಸ್ವಿಚ್ಚಪ್ಪ ಫೋನ್ ಇಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಹೋದ ವಾರ ನಿಲ್ಲಿಸಿದ್ವಲ್ಲಮ್ಮ, ಅದು ಯಾವುದಕ್ಕಿತ್ತು?"

ಅವಳು ಆಗಲೇ ಕಂಪ್ಯೂಟರ್ ಕೋಣೆಯತ್ತ ಓಡುತ್ತಿದ್ದಳು.