ಮುಷ್ಟಿಯೊಳಗೆ ಎರಡು

ತಪ್ಪು ಉತ್ತರ ಕೊಟ್ಟವರ ಮುಖದಲ್ಲಿ ಮೂಡುವ ತೃಪ್ತಿಯನ್ನು ನೋಡಬೇಕು. ನಾನು ಪ್ರತಿ ಶನಿವಾರ ನೋಡುತ್ತೇನೆ. ಹೋಟೆಲಿನಲ್ಲಿ ಊಟ ಹೇಳಿ ಕಾಯುತ್ತಿರುವವರ ಮೇಜಿನ ಪಕ್ಕ ನಿಂತು ಜಾದೂ ಮಾಡುವುದು ನನ್ನ ಕೆಲಸ. ಗಿರಾಕಿಯ ಅಂಗೈಯಲ್ಲಿ ಒಂದು ನಾಣ್ಯ ಇಟ್ಟು ಮುಷ್ಟಿ ಕಟ್ಟಿಸುತ್ತೇನೆ. ಇನ್ನೊಂದು ನನ್ನ ಕೈಯಲ್ಲಿ. ಊದುತ್ತೇನೆ, ನನ್ನದು ಮಾಯ. ಅವರು ಮುಷ್ಟಿ ಬಿಚ್ಚಿದರೆ ಎರಡು. ಒಂದು ಕ್ಷಣ ಎಲ್ಲರ ಬಾಯಿ ತೆರೆದಿರುತ್ತದೆ. ಆಮೇಲೆ ಯಾರಾದರೊಬ್ಬರು ಕುರ್ಚಿಗೆ ಒರಗಿ, "ಮ್ಯಾಗ್ನೆಟ್ಟು" ಅನ್ನುತ್ತಾರೆ. ಉಳಿದವರು ತಲೆಯಾಡಿಸಿ ನೀರು ಕುಡಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಸರಿಯಾಗಿ ಹಿಡಿದರೆ ಸೋತೆ ಎಂದು ಒಪ್ಪಿಕೊಳ್ಳಬಹುದು. ಹಿಡಿಯದೆಯೇ ಹಿಡಿದೆವು ಅನ್ನುವವರ ಎದುರು ಏನು ಮಾಡುವುದು?

ಯಜಮಾನರು ಕೌಂಟರಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. "ಏನಪ್ಪಾ, ಎಲ್ರಿಗೂ ಗೊತ್ತಾಗ್ಹೋಗಿದೆಯಲ್ಲ ನಿನ್ನ ಗುಟ್ಟು! ಈ ಶನಿವಾರ ನೋಡ್ತೀನಿ. ಅವತ್ತೂ ಹೀಗೇ ಆದ್ರೆ ನಿನ್ನ ಬದಲು ಒಂದು ಟೀವಿ ಹಾಕಿಸ್ತೀನಿ."

"ಅವರು ಹೇಳೋದು ತಪ್ಪು ಸಾರ್."

"ತಪ್ಪೋ ಸರಿಯೋ, ಅವರಿಗೆ ಸಮಾಧಾನ ಆಗಿದೆಯಲ್ಲ. ಸಮಾಧಾನ ಆದವನು ಇನ್ನೊಂದ್ಸಲ ನೋಡೋಕೆ ಬರ್ತಾನಾ?"

ನಾನು ಹಿತ್ತಾಳೆಯ ನಾಣ್ಯಗಳನ್ನು ಹುಡುಕಿ ತಂದೆ. ಜೊತೆಗೆ ಒಂದು ಮ್ಯಾಗ್ನೆಟ್ಟು. ಗಿರಾಕಿಗಳೇ ಪರೀಕ್ಷೆ ಮಾಡಲಿ ಎಂದು. ಹೆಂಡತಿ ನಕ್ಕಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಅವರು ಏನಾದ್ರೂ ಅಂದ್ಕೊಳ್ಳಲಿ, ಬಿಡೋ."

"ಅವರು ಅಂದ್ಕೊಳ್ಳೋದು ತಪ್ಪು ಕಣೆ!"

"ನಮ್ಮಂಗಡಿಗೆ ಬರೋರೂ ಅಷ್ಟೇ. ಅಕ್ಷರ ಕಾಣದಿದ್ರೂ ಓದೇ ಓದ್ತಾರೆ. ಕಾಣಲ್ಲ ಅಂತ ಒಬ್ಬರೂ ಬಾಯಿ ಬಿಡಲ್ಲ."

ಶನಿವಾರ ಕೌಂಟರಿನ ಹತ್ತಿರದ ಮೇಜಿಗೆ ಮೂವರು ಬಂದರು: ದೊಡ್ಡ ಗಂಟಲಿನ ಒಬ್ಬ ಗಂಡಸು, ಅವನ ಹೆಂಡತಿ, ಹೆಂಡತಿಯ ತಂಗಿ. ಗಂಡಸು ಮ್ಯಾಗ್ನೆಟ್ಟನ್ನು ನಾಣ್ಯಕ್ಕೆ ಹಿಡಿದ, ಚಮಚಕ್ಕೆ ಹಿಡಿದ, ಕೊನೆಗೆ ತನ್ನ ಬೆಲ್ಟಿಗೂ ಹಿಡಿದ. "ಹೂಂ, ಮ್ಯಾಗ್ನೆಟ್ ಅಲ್ಲ" ಎಂದು ತೀರ್ಪು ಕೊಟ್ಟ. ನನಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ನಾದಿನಿಯ ಅಂಗೈಯಲ್ಲಿ ನಾಣ್ಯ ಇಟ್ಟೆ. ಊದಿದೆ. ಅವಳು ಮುಷ್ಟಿ ಬಿಚ್ಚಿದಳು.

"ಅಯ್ಯೋ, ಎರಡು!"

ಯಜಮಾನರು ತಲೆಯೆತ್ತಿದರು. ಗಂಡಸು ಕುರ್ಚಿಗೆ ಒರಗಿದ.

"ತೋಳಲ್ಲಿದೆ."

ಅಂಗಿಯ ತೋಳನ್ನು ಮೊಣಕೈ ದಾಟಿ ಮಡಿಸಿ ತೋರಿಸಿದೆ. ಅವನ ಕಣ್ಣು ನನ್ನನ್ನು ಬಿಟ್ಟು ನಾದಿನಿಯ ಕಡೆ ಹೊರಳಿತು.

"ಓಹೋ. ನೀನು ಇವನ ಕಡೆಯವಳು!"

"ನಾನಾ? ಏನ್ ಭಾವ ಹೀಗಂತೀರಿ?"

"ಇನ್ನೊಂದು ನಾಣ್ಯ ಮೊದಲೇ ನಿನ್ನ ಹತ್ರ ಇತ್ತು. ಈ ಹೋಟೆಲಿಗೇ ಹೋಗೋಣ ಅಂತ ಗಂಟುಬಿದ್ದೋಳು ಯಾರು?"

"ಅಕ್ಕಾ, ನೋಡೇ ನಿನ್ನ ಗಂಡನ್ನ!"

ಅಕ್ಕ ನ್ಯಾಪ್‌ಕಿನ್ ಮಡಿಸುತ್ತ, "ಚಿಕ್ಕಂದಿನಿಂದ ನಿಂದು ಇದೇ ಬುದ್ಧಿ" ಅಂದಳು. "ನೀನೇ ಬಚ್ಚಿಟ್ಟು, ನೀನೇ ಎಲ್ರ ಜೊತೆ ಹುಡುಕ್ತಿದ್ದೆ."

ನಾದಿನಿಯ ಕಣ್ಣು ತುಂಬಿತು. ಪಕ್ಕದ ಮೇಜುಗಳವರು ಊಟ ಬಿಟ್ಟು ತಿರುಗಿದರು. ನನಗೆ ತಡೆಯಲಾಗಲಿಲ್ಲ. ಅವಳ ಕಣ್ಣೀರು ಒಂದು ಕಾರಣ. ಒಬ್ಬರಿಗಾದರೂ ನಿಜ ಗೊತ್ತಾಗಲಿ ಅನ್ನುವ ಹಟ ಅದಕ್ಕಿಂತ ದೊಡ್ಡದು.

"ಇವರದೇನೂ ತಪ್ಪಿಲ್ಲ. ಒಟ್ಟು ಮೂರು ನಾಣ್ಯ ಇವೆ" ಎಂದು ಮೂರನೆಯದನ್ನು ಬೆರಳ ಸಂದಿಯಿಂದ ತೆಗೆದು ಮೇಜಿನ ಮೇಲಿಟ್ಟೆ. "ಇವರ ಕೈಗೆ ಎರಡನ್ನ ಒಂದರ ಮೇಲೊಂದು ಕೂರಿಸಿ ಕೊಟ್ಟೆ. ಹೆಬ್ಬೆರಳಲ್ಲಿ ಒತ್ತಿ ಮುಷ್ಟಿ ಕಟ್ಟಿಸಿದರೆ ಒಂದೇ ಅನ್ಸುತ್ತೆ. ನನ್ನ ಕೈಲಿದ್ದದ್ದು ಎಲ್ಲಿಗೂ ಹೋಗಿಲ್ಲ."

ಗಂಡಸು ಹೊಟ್ಟೆ ಕುಲುಕಿ ನಕ್ಕ. "ನಮ್ಮ ಕಿವಿ ಮೇಲೆ ಹೂವಿಡಬೇಡಪ್ಪಾ."

ನಾನು ನಾದಿನಿಯ ಮುಖ ನೋಡಿದೆ. ಅವಳ ಕಣ್ಣು ಒಣಗಿತ್ತು.

"ಏನ್ರೀ, ನನ್ನ ಕೈಯಲ್ಲಿ ಎರಡಿದ್ರೆ ನನಗೆ ಗೊತ್ತಾಗಲ್ವಾ? ಅಷ್ಟು ಪೆದ್ದಿನಾ ನಾನು?"

"ಹಾಗಲ್ಲ, ಎಲ್ರಿಗೂ..."

"ಸಾಕು." ಗದ್ದ ಮೇಲೆತ್ತಿ ಭಾವನ ಕಡೆ ತಿರುಗಿದಳು. "ಹೌದು ಭಾವ. ನಾನು ಇವರ ಕಡೆಯವಳೇ. ಎರಡನೇದು ನನ್ನ ಹತ್ರಾನೇ ಇತ್ತು."

"ಎಲಾ ಇವಳ!" ಭಾವ ಮೇಜು ಗುದ್ದಿದ. ಅಕ್ಕ ಅವಳ ಬೆನ್ನಿಗೆ ಹೊಡೆದು ನಕ್ಕಳು. ಪಕ್ಕದ ಮೇಜುಗಳಲ್ಲಿ ಚಪ್ಪಾಳೆ ಶುರುವಾಯಿತು. ಈ ಹೋಟೆಲಿನಲ್ಲಿ ನಾನು ಕೇಳಿದ ಅತಿ ದೊಡ್ಡ ಚಪ್ಪಾಳೆ, ಅದೂ ಅವಳಿಗೆ.

ಯಜಮಾನರು ನನ್ನನ್ನು ಕರೆದರು. "ಭೇಷ್! ಎಲ್ಲಿ ಸಿಕ್ಕಿದ್ಲಪ್ಪಾ ಆ ಹೆಣ್ಮಗಳು? ಕಣ್ಣಲ್ಲಿ ನೀರು ಬೇರೆ ತಂದ್ಕೊಂಡ್ಲು! ಮುಂದಿನ ವಾರದಿಂದ ಇಬ್ರೂ ಬನ್ನಿ. ನೀನೊಬ್ಬನೇ ಆದ್ರೆ ಬೇಡ."

"ಸಾರ್, ಅವರ್ಯಾರೋ ನನಗೆ ಗೊತ್ತೇ ಇಲ್ಲ."

"ನನ್ನ ಹತ್ರಾನೂ ನಾಟಕನಾ? ಹೋಗು, ಹೋಗು."

ಹೊರಗೆ ಅವಳು ಅಕ್ಕನ ಜೊತೆ ಕಾರಿಗೆ ಕಾಯುತ್ತಿದ್ದಳು. ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಮುಖ ಅರಳಿತು.

"ಪ್ರತಿ ಶನಿವಾರನಾ? ಬರ್ತೀನಿ." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ಆ ನಾಣ್ಯ ನನ್ನ ಕೈಗೆ ಹೇಗೆ ಬಂತು? ನಮ್ಮಿಬ್ಬರಲ್ಲೇ ಇರಲಿ, ಈಗ್ಲಾದ್ರೂ ನಿಜ ಹೇಳಿ."

ಒಂದು ಸುಳ್ಳು ಸಾಕಿತ್ತು. ದಾರ, ಅಂಟು, ಮಂತ್ರ, ಯಾವುದಾದರೂ ನಡೆಯುತ್ತಿತ್ತು. ನಾಲಿಗೆ ಹೊರಳಲಿಲ್ಲ.

"ಎರಡೂ ಮೊದಲಿಂದ ನಿಮ್ಮ ಕೈಯಲ್ಲೇ ಇದ್ವು."

ಅರಳಿದ ಮುಖ ಮುಚ್ಚಿಕೊಂಡಿತು. "ಹೇಳೋಕೆ ಇಷ್ಟ ಇಲ್ದಿದ್ರೆ ಇಲ್ಲ ಅನ್ನಿ. ಮತ್ತೆ ಮತ್ತೆ ಪೆದ್ದಿ ಅನ್ನಬೇಡಿ."

ಕಾರು ಬಂತು. ಅವಳು ಹಿಂದಿನ ಸೀಟಿನಲ್ಲಿ ಕೂತು ಆಚೆ ಮುಖ ಮಾಡಿದಳು. ಭಾವ ಗಾಜು ಇಳಿಸಿ ನನಗೆ ಕಣ್ಣು ಹೊಡೆದ.

"ಇವಳಂತೂ ಸಿಕ್ಕಿಬಿದ್ಲು. ಮುಂದಿನ ವಾರ ಯಾರನ್ನ ಸೇರಿಸ್ಕೊಳ್ತೀಯಪ್ಪಾ?"

ಅವನಿಗೆ ಉತ್ತರ ಬೇಕಿರಲಿಲ್ಲ. ಗಾಜು ಏರಿಸಿಕೊಂಡ.