ಹದಿನೈದು ಅಕ್ಷರ ಹೆಚ್ಚು

೧೯೮೪ರ ಮಾರ್ಚ್ ಮೂವತ್ತೊಂದಕ್ಕೆ ನನ್ನ ಪಿಎಚ್.ಡಿ. ನೋಂದಣಿಯ ಅವಧಿ ಮುಗಿಯುತ್ತಿತ್ತು. ಆರು ವರ್ಷದಿಂದ ಒಂದೇ ಪಾಡು. ವಾರವೆಲ್ಲ ತಿಪಟೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಒದರುವುದು, ಶನಿವಾರ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಗೈಡ್ ಸದಾಶಿವಯ್ಯನವರ ಮುಂದೆ ಕೂರುವುದು. ‘ಡಾಕ್ಟರ್ ಗಿರಿಜಾಂಬಿಕಾ’ ಎನಿಸಿಕೊಳ್ಳುವ ಆಸೆಯೂ ಸವೆದು, ಒಮ್ಮೆ ಮುಗಿದರೆ ಸಾಕಪ್ಪಾ ಎನ್ನುವಷ್ಟೇ ಉಳಿದಿತ್ತು.

ನನ್ನ ವಿಷಯ ಹೇಳುವುದಕ್ಕೆ ಸುಲಭ. ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರ. ಒಂದೊಂದು ಬಗೆಗೂ ಒಂದೊಂದು ಇಂಗ್ಲಿಷ್ ಅಕ್ಷರ. ಈ ಸರ ಕೆಲವೆಡೆ ಸುರುಳಿ ಸುತ್ತಿಕೊಳ್ಳುತ್ತದೆ, ಕೆಲವೆಡೆ ಪಟ್ಟಿಯಂತೆ ಚಾಚಿಕೊಳ್ಳುತ್ತದೆ, ಉಳಿದೆಡೆ ಎರಡೂ ಇಲ್ಲ. ಬರಿಯ ಅಕ್ಷರ ಕೊಟ್ಟು, ಎಲ್ಲಿ ಏನಾಗುತ್ತದೆಂದು ಕಂಪ್ಯೂಟರಿನ ಬಾಯಲ್ಲಿ ಹೇಳಿಸಬೇಕು. ಆಗ ಬಳಕೆಯಲ್ಲಿದ್ದ ವಿಧಾನ ನೂರಕ್ಕೆ ಐವತ್ತೈದು ಕಡೆ ಸರಿ ಹೇಳುತ್ತಿತ್ತು. ಅದನ್ನು ಮೀರಿಸುವ ನಿಯಮವೊಂದನ್ನು ನಾನು ಮಾಡಿದ್ದೇನೆಂದು ನಂಬಿದ್ದೆ. ಆಕಾರ ಆಗಲೇ ಗೊತ್ತಿದ್ದ, ನೂರ ಐವತ್ತು ಮಣಿಯ ಒಂದು ಪ್ರೋಟೀನಿನ ಮೇಲೆ ಅದರ ಪರೀಕ್ಷೆ.

ನನ್ನ ಬರವಣಿಗೆ ಕೋಳಿ ಕೆದರಿದ ಹಾಗೆ. ಕಂಪ್ಯೂಟರಿಗೆ ಉಣಿಸುವ ಕಾರ್ಡುಗಳಲ್ಲಿ ಅಕ್ಷರಕ್ಕೆ ತಕ್ಕಂತೆ ತೂತು ಪಂಚ್ ಮಾಡುವಾಕೆ ಇದನ್ನು ಓದಲಾರೆ ಎಂದು ವಾಪಸು ಕೊಟ್ಟಿದ್ದರು. ಹಾಗಾಗಿ ಆ ನೂರ ಐವತ್ತು ಅಕ್ಷರಗಳನ್ನು ಅಪ್ಪನ ಕೈಲಿ ಬರೆಸಿದೆ. ಅಪ್ಪ ತೋಂಟದಾರ್ಯ ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, ಅಕ್ಷರ ಮುತ್ತಿನಂತೆ. ಚೌಕ ಹಾಕಿದ ಐದು ಹಾಳೆ, ಹಾಳೆಗೆ ಮೂವತ್ತು ಅಕ್ಷರ. ಉತ್ತರಪತ್ರಿಕೆ ತಿದ್ದಿ ತಿದ್ದಿ ನನ್ನ ಕಣ್ಣು ಉರಿಯುತ್ತಿತ್ತು. ಅವನು ಬರೆದದ್ದನ್ನು ತಿರುಗಿಯೂ ನೋಡದೆ ಚೀಲಕ್ಕೆ ಹಾಕಿಕೊಂಡೆ.

ಫಲಿತಾಂಶ ನೂರಕ್ಕೆ ಮೂವತ್ತೇಳು.

“ಕಣ್ಣು ಮುಚ್ಕೊಂಡು ಹೇಳಿದ್ರೂ ಇಷ್ಟು ಬರುತ್ತೆ ಕಣ್ರೀ,” ಎಂದರು ಸದಾಶಿವಯ್ಯ.

ವಾಪಸು ಬರುವಾಗ ರೈಲು ಅಮ್ಮಸಂದ್ರದಲ್ಲಿ ಕ್ರಾಸಿಂಗಿಗೆ ನಿಂತಿತು. ಬೇರೆ ಕೆಲಸವಿಲ್ಲದೆ ಕಂಪ್ಯೂಟರ್ ಮುದ್ರಿಸಿ ಕೊಟ್ಟ ಕಾಗದ ಬಿಚ್ಚಿದೆ. ಕೆಳಗೆ ಒಟ್ಟು ಅಕ್ಷರ ನೂರ ಅರವತ್ತೈದು ಎಂದಿತ್ತು. ಹದಿನೈದು ಹೆಚ್ಚು. ಅಪ್ಪನ ಹಾಳೆಗಳನ್ನು ತೆಗೆದು ನೋಡಿದರೆ, ಐದರಲ್ಲೂ ಮೊದಲ ಮೂರು ಚೌಕಗಳಲ್ಲಿ ದುಂಡಗೆ ಎಸ್, ಆರ್, ಐ.

ಮನೆಗೆ ಬಂದವಳೇ ಹಾಳೆಗಳನ್ನು ಅವನ ಮುಂದೆ ಇಟ್ಟೆ.

“ಶ್ರೀ ಹಾಕ್ದೆ ಹಾಳೆ ಹೆಂಗವ್ವ ಶುರು ಮಾಡಾದು?” ಎಂದ ಅಪ್ಪ. “ಇಂಗ್ಲೀಷ್ ಬರವಣಿಗೆ ಅಲ್ವಾ ಅಂತ ಇಂಗ್ಲೀಷಲ್ಲೇ ಬರ್ದೆ. ಮೇಲ್ಗಡೆ ಜಾಗ ಇರ್ಲಿಲ್ಲ, ಚೌಕದಾಗೇ ಹಾಕ್ದೆ.”

ಆ ಮೂರೂ ನಮ್ಮ ಇಪ್ಪತ್ತು ಅಕ್ಷರಗಳಲ್ಲಿ ಸೇರಿದವೇ. ಯಂತ್ರ ಯಾವ ತಕರಾರೂ ಮಾಡದೆ ಐದು ಶ್ರೀಗಳನ್ನೂ ಮಣಿಗಳೆಂದು ಪೋಣಿಸಿಕೊಂಡಿತ್ತು. ಉಳಿದವೆಲ್ಲ ಜಾಗ ತಪ್ಪಿದ್ದವು.

“ನಿನ್ ಶ್ರೀಯಿಂದ ನನ್ನ ಆರು ವರ್ಷ ಹಾಳಾಯ್ತು ಕಣಪ್ಪ,” ಅಂದುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಪ್ಪ ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಐದೂ ಹಾಳೆಗಳನ್ನು ಹೊಸದಾಗಿ ಬರೆದ, ಶ್ರೀ ಇಲ್ಲದೆ, ಜನ್ಮದಲ್ಲಿ ಮೊದಲ ಸಲ. ಒಂದೊಂದು ಹಾಳೆ ಶುರು ಮಾಡುವಾಗಲೂ ಪೆನ್ನು ತಡವರಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ. ತಪ್ಪು ಅವನದಾದರೆ ನನ್ನ ನಿಯಮ ಸರಿ ಇದ್ದಂತೆ.

ಎರಡನೆಯ ಸಲ ಐವತ್ತನಾಲ್ಕು ಬಂತು. ಹಳೆಯ ವಿಧಾನಕ್ಕಿಂತ ಒಂದು ಕಡಿಮೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ; ನನಗೆ ಇಲಿಯೂ ಸಿಗಲಿಲ್ಲ.

“ಇದನ್ನ ಸಲ್ಲಿಸಬೇಡಿ,” ಎಂದರು ಸದಾಶಿವಯ್ಯ. “ಮತ್ತೆ ರಿಜಿಸ್ಟರ್ ಮಾಡಿಸಿ ಮೊದಲಿಂದ ಶುರು ಮಾಡೋ ಶಕ್ತಿ ಇದೆಯಾ?”

ಇಲ್ಲ ಎಂದೆ. ಅಳುವೂ ಬರಲಿಲ್ಲ, ಅಷ್ಟು ದಣಿದಿದ್ದೆ.

ಅಪ್ಪ ಜಗುಲಿಯಲ್ಲೇ ಕಾಯುತ್ತಿದ್ದ. “ಈಗ ಸರಿ ಬಂತೇನವ್ವ?” ಎಂದು ಕೇಳಿದ.

ಬಂತು ಅಂದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ತಪ್ಪು ಅವನ ತಲೆಯ ಮೇಲೆ ಖಾಯಮ್ಮಾಗುತ್ತಿತ್ತು. ಹಾಗೇ ಹೇಳಿಬಿಡೋಣ ಎಂದು ಬಾಯಿ ತೆರೆದೂ ಇದ್ದೆ.

“ಇಲ್ಲ ಕಣಪ್ಪ. ಶ್ರೀ ತೆಗೆದ್ರೂ ಬರ್ಲಿಲ್ಲ. ನಿಂದೇನೂ ತಪ್ಪಿಲ್ಲ, ನನ್ನ ನಿಯಮಾನೇ ಸರಿ ಇಲ್ಲ.”

ಅಪ್ಪ ನನ್ನ ಕೈಯಿಂದ ಚೀಲ ಇಸಿದುಕೊಂಡ.

“ನಂದೇ ತಪ್ಪಾಗಿದ್ರೆ ಚೆನ್ನಾಗಿತ್ತು ಕಣವ್ವ,” ಎಂದ.