ನಾಲ್ಕನೆಯ ಸುತ್ತು

ಈಜುವ ದಾರಿಗೆ ಗುರುತಾಗಿ ನೀರಿನ ಮೇಲೆ ತೇಲುತ್ತಿದ್ದ ಕಿತ್ತಳೆ ಬಣ್ಣದ ಎರಡನೆಯ ಗುಂಡನ್ನು ಬಳಸಿ ತಿರುಗುವಾಗ ಯಾರದೋ ಮೊಣಕೈ ಅವನ ಕಿವಿಗೆ ಬಡಿಯಿತು. ಒಂದು ಗುಟುಕು ಕೆರೆ ನೀರು ಗಂಟಲಿಗಿಳಿಯಿತು. ತಲೆ ಎತ್ತಿ ಕೆಮ್ಮಿದ. ಕೆಮ್ಮುತ್ತಲೇ ಅವನ ಕಣ್ಣು ಹುಡುಕಿದ್ದು ದಡವನ್ನಲ್ಲ, ಭಾವನ ಹಸಿರು ಟೊಪ್ಪಿಯನ್ನು. ಅದು ಎರಡು ಮಾರು ಮುಂದೆ, ಊಟವಾದ ಮೇಲೆ ಅಡ್ಡಾಡಲು ಹೊರಟವರ ಹಾಗೆ ನಿಧಾನವಾಗಿ ಸಾಗುತ್ತಿತ್ತು. ಸದ್ಯ, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಭಾವ ಈಜುತ್ತಿದ್ದದ್ದು ತಮ್ಮ ಔಷಧದಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುತ್ತಿದ್ದ ಹಾಗೆಯೇ. ಮೂರು ಬೀಸು, ಒಂದು ಉಸಿರು. ಮತ್ತೆ ಮೂರು ಬೀಸು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವರಿಗೆ ಐವತ್ತು ಹತ್ತಿರ, ಅವನಿಗಿನ್ನೂ ಮೂವತ್ತೊಂಬತ್ತು. ಮನಸ್ಸು ಮಾಡಿದ್ದರೆ ದಾಟಿ ಹೋಗಬಹುದಿತ್ತು. ಆದರೆ ಬೆಳಿಗ್ಗೆ ದಡದಲ್ಲಿ ಅಕ್ಕ ಆಜ್ಞೆ ಹೊರಡಿಸಿಯಾಗಿತ್ತು.

"ಲೋ, ನಿನ್ನ ಶೂರತನ ಎಲ್ಲಾ ಇಲ್ಲೇ ಚಪ್ಪಲಿ ಜೊತೆ ಬಿಟ್ಟು ಹೋಗು. ಅವರ ಪಕ್ಕದಲ್ಲೇ ಇರು. ಸುತ್ತು ನೀನೇ ಎಣಿಸು, ಅವರ ಎಣಿಕೆ ನಂಬಬೇಡ."

"ನಾನಿಲ್ಲೇ ನಿಂತಿದೀನಿ ಕಣೇ," ಎಂದಿದ್ದರು ಭಾವ, ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತ.

"ನಿಂತಿದೀರಿ ಅಂತಾನೇ ಇಷ್ಟು ಮೆತ್ತಗೆ ಹೇಳಿದ್ದು."

ಭಾವ ನಕ್ಕಿದ್ದರು. ಮೊದಲಾಗಿದ್ದರೆ ಅದಕ್ಕೊಂದು ತಿರುಗೇಟು ಬರುತ್ತಿತ್ತು, ಅದಕ್ಕೆ ಅಕ್ಕನದೊಂದು, ಹಾಗೇ ಅರ್ಧ ಗಂಟೆ ನಡೆಯುತ್ತಿತ್ತು. ಈ ವರ್ಷ ಯಾವಾಗಲೂ ಕೊನೆಯ ಮಾತು ಅಕ್ಕನದೇ.

ಇಬ್ಬರೂ ದಡ ಹತ್ತಿದರು. ಕಾಲಿಗೆ ಮೆತ್ತಿದ ಮರಳನ್ನು ಒರೆಸಿ ಬೂಟು ಹಾಕಿಕೊಳ್ಳುವಾಗ ಭಾವ ಕೇಳಿದರು, "ಸೈಕಲ್ಲಿಗೆ ಸುತ್ತು ಐದು ತಾನೇ? ಹೋದ ಸಲದ ಹಾಗೇ?"

"ಐದೇ ಭಾವ."

"ಹೂಂ. ಐದು." ಮಗ್ಗಿ ಒಪ್ಪಿಸುವವರ ಹಾಗೆ ಒಮ್ಮೆ ತಮಗೇ ಹೇಳಿಕೊಂಡು ಸೈಕಲ್ ಏರಿದರು.

ಈಜು, ಸೈಕಲ್, ಓಟ, ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಈ ಹುಚ್ಚು ಮೊದಲು ಹಿಡಿದದ್ದು ಭಾವನಿಗೇ. ಒಂದೇ ಬೆಳಿಗ್ಗೆ ಮೂರು ಸಲ ಸಾಯೋದು, ಎಂದು ಅಕ್ಕ ಅದಕ್ಕೆ ಹೆಸರಿಟ್ಟಿದ್ದಳು. ಭಾವ ಕೈಗೆ ಗಡಿಯಾರ ಕಟ್ಟಿದವರಲ್ಲ. ಅವರ ತಾಯಿ ಒಲೆಯ ಮುಂದೆ ಕೂತು ಹೇಳಿಕೊಳ್ಳುತ್ತಿದ್ದ ಆರು ಸಾಲಿನ ಪದ್ಯಗಳು ಅವರಿಗೆ ಬಾಯಿಪಾಠವಾಗಿದ್ದವು. ವೇಗ ನೋಡುತ್ತಿದ್ದದ್ದು ಅವುಗಳಿಂದ. "ಎರಡು ಸಾಲು ಒಂದೇ ಉಸಿರಲ್ಲಿ ಹೇಳೋಕೆ ಆದ್ರೆ ಸರಿಯಾಗಿದೀಯ ಅಂತ. ಮಧ್ಯೆ ಉಸಿರು ತುಂಡಾಯ್ತೋ, ಇಳಿಸು. ಮೂರು ಸಾಲು ಬಂತೋ, ಮೈಗಳ್ಳತನ." ಸುತ್ತು ಎಣಿಸುವುದೂ ಹಾಗೆಯೇ. ಸುತ್ತಿಗೊಂದು ಪದ್ಯ, ಅದನ್ನೇ ಮತ್ತೆ ಮತ್ತೆ; ಮೊದಲನೆಯದಕ್ಕೆ ಮೊದಲನೆಯದು, ಎರಡಕ್ಕೆ ಎರಡನೆಯದು. ಏರಿನಲ್ಲಿ ಅವರು ಗಟ್ಟಿಯಾಗಿ ಪದ್ಯ ಹೇಳಿಕೊಂಡು ಹೋಗುತ್ತಿದ್ದರೆ ದಾಟಿ ಹೋಗುವವರು ತಿರುಗಿ ನೋಡಿ ನಗುತ್ತಿದ್ದರು. ಅವನು ಅದನ್ನು ಕೇಳುತ್ತ ಹಿಂದೆ ಹೋಗುತ್ತಿದ್ದ. ಅರ್ಥ ಅರ್ಧ ತಿಳಿಯುತ್ತಿತ್ತು, ಆದರೆ ಕಾಲಿಗೆ ಅದು ಪೂರ್ತಿ ತಿಳಿಯುತ್ತಿತ್ತು.

ಹೋದ ವರ್ಷ, ಕೆರೆಯಂಚಿನ ಪಂಪ್‌ಹೌಸಿನ ಬಳಿ, ಭಾವ ನಾಲ್ಕನೆಯ ಪದ್ಯದ ನಡುವೆ ಇದ್ದರು. ಬಿಸಿಲು ಏರಿತ್ತು. ತಿರುಗಿ ಕೇಳಿದರು, "ಇದು ಎಷ್ಟನೇದೋ?"

"ಕೊನೇದು ಭಾವ, ನುಗ್ಗಿ!"

ಬರೀ ಕೀಟಲೆ. ಭಾವ ಭಾಮೈದರ ನಡುವೆ ಇರುವಂಥದು. ಮುಗಿಯಿತೆಂದು ಜಂಭದಿಂದ ಹೋಗಿ, ಇನ್ನೊಂದಿದೆ ಎಂದು ಮುಖ ಸಪ್ಪಗೆ ಮಾಡಿಕೊಂಡು ತಿರುಗಲಿ, ಸಂಜೆ ಕಾಫಿಗೊಂದು ಮಾತಾಯಿತು ಎಂದು. ಒಂದು ಸಾಸಿವೆಯಷ್ಟು ಹೊಟ್ಟೆಕಿಚ್ಚೂ ಇತ್ತು. ಸದಾ ಮುಂದೆ ಕಾಣುವ ಬೆನ್ನಿನ ಮೇಲೆ ಹುಟ್ಟುವಂಥದು. ಭಾವ ಪದ್ಯವನ್ನು ಅಲ್ಲಿಗೇ ಬಿಟ್ಟರು. ತಮ್ಮ ಎಣಿಕೆ ಬಿಟ್ಟು ಅವನ ಮಾತು ಹಿಡಿದು, ಪೆಡಲಿನ ಮೇಲೆ ಎದ್ದು ನಿಂತು, ಇದ್ದ ಬದ್ದ ಶಕ್ತಿಯನ್ನೆಲ್ಲ ಸುರಿದರು. ಸುತ್ತು ಮುಗಿಯುವ ಗೆರೆಯ ಹತ್ತಿರ ಲೆಕ್ಕದ ಪುಸ್ತಕ ಹಿಡಿದಿದ್ದ ಹೆಂಗಸು, "ಇನ್ನೊಂದಿದೆ ಸಾರ್," ಎಂದಳು. ಇಲ್ಲ, ಮುಗಿದಿದೆ ಎಂದು ಭಾವ ವಾದಿಸಿದರು. ಆಮೇಲೆ ಹೋದರು. ಐದನೆಯ ಸುತ್ತಿನ ಏರಿನಲ್ಲಿ ಕಕ್ಕಿಕೊಂಡು, ಸೈಕಲ್ ಸಮೇತ ಚರಂಡಿಗೆ ಬಿದ್ದರು.

ಆಗಲೂ ಹೇಳಬಹುದಿತ್ತು. ಆದರೆ ಮೊಣಕೈಗೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದ ಭಾವ ಎಲ್ಲರ ಮುಂದೆ, "ನೀನು ಕೊನೇದು ಅಂದೆಯಲ್ಲೋ?" ಎಂದು ಕೇಳಿದರು. ಅಕ್ಕ ತಿರುಗಿ ಅವನ ಮುಖ ನೋಡಿದಳು.

"ನಾನಾ? ನೀವು ನನ್ನ ಏನೂ ಕೇಳ್ಲೇ ಇಲ್ವಲ್ಲ ಭಾವ."

ಆ ಮಾತಿಗೆ ಕೋಣೆಯಲ್ಲಿದ್ದವರೆಲ್ಲ ಸುಮ್ಮನಾದರು. ಯಾಕೆ ಸುಮ್ಮನಾದರೆಂದು ಎಲ್ಲರಿಗೂ ಗೊತ್ತಿತ್ತು. ಭಾವನ ತಂದೆ ಐವತ್ತೈದಕ್ಕೆ ಮನೆಯ ದಾರಿ ಮರೆತವರು, ಅರವತ್ತಕ್ಕೆ ಮಗನನ್ನೇ ನೀವ್ಯಾರು ಎಂದು ಕೇಳಿದವರು.

ಕನ್ನಡಕದ ಗಾಜು ಉಜ್ಜುವ ಅವನ ಅಂಗಡಿ, ಭಾವನ ಔಷಧದಂಗಡಿಯ ಎದುರಿಗೇ ಇತ್ತು. ಇಡೀ ವರ್ಷ ಅವನು ಅಲ್ಲಿಂದ ನೋಡಿದ. ಮಾತ್ರೆಗಳನ್ನು ತಟ್ಟೆಗೆ ಸುರಿದು ಚಪ್ಪಟೆ ಅಲಗಿನಿಂದ ಐದೈದಾಗಿ ಸರಿಸುತ್ತಿದ್ದ ಕೈ ಮೊದಲು ಎರಡೆರಡು ಸಲ ಎಣಿಸಲು ಶುರು ಮಾಡಿತು, ಆಮೇಲೆ ಮೂರು ಸಲ. ಬಾಗಿಲಲ್ಲಿ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೆ ಎಣಿಸುವ ತಟ್ಟೆ ಅಕ್ಕನ ಕೈಗೆ ಹೋಯಿತು; ಭಾವ ಒಳಗೆ ಸ್ಟೂಲಿನ ಮೇಲೆ ಕೂತು ಶೀಶೆಗಳಿಗೆ ಚೀಟಿ ಅಂಟಿಸತೊಡಗಿದರು. ವೈದ್ಯರ ಹತ್ತಿರವೂ ಹೋಗಿ ಬಂದದ್ದಾಯಿತು. ಕರೆದುಕೊಂಡು ಹೋದವನು ಅವನೇ. ಏನೂ ಕಾಣಲ್ಲ, ಆದರೂ ನೋಡ್ತಾ ಇರಿ, ಎಂದರಂತೆ. ಆ 'ಆದರೂ' ಭಾವನ ಜೊತೆ ಮನೆಗೆ ಬಂದು ಅಲ್ಲೇ ಉಳಿದುಬಿಟ್ಟಿತು. ಬರುವ ತಿಂಗಳು ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು. ರಾತ್ರಿ ಮಲಗುವ ಮೊದಲು ಕೈಮುಗಿದು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುವುದು ಅವನ ರೂಢಿ. ಭಾವನ ಸರದಿ ಬಂದಾಗ ಏನು ಬೇಡಿಕೊಳ್ಳಬೇಕೆಂದೇ ತೋಚುತ್ತಿರಲಿಲ್ಲ. ವಾಸಿಯಾಗಲಿ ಎನ್ನಲು ಇಲ್ಲದ ಕಾಯಿಲೆ ಅದು. ಅದು ಇಲ್ಲವೆಂದು ಗೊತ್ತಿದ್ದವರು ಇಬ್ಬರೇ, ಅವನು ಮತ್ತು ದೇವರು.

ಇವತ್ತು ಭಾವ ಪದ್ಯ ಹೇಳಲಿಲ್ಲ. ಮೊದಲ ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಸರಪಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಏರಿನಲ್ಲಿ ಒಮ್ಮೆ, "ಜೋರಾಯ್ತೇನೋ?" ಎಂದು ಕೇಳಿದರು. "ಇಲ್ಲ ಭಾವ, ಸರಿ ಇದೆ." ಇಳಿಜಾರಿನಲ್ಲಿ, "ನಿಧಾನ ಆಯ್ತಾ?" "ಸರಿ ಇದೆ ಭಾವ." ತಮ್ಮ ಉಸಿರನ್ನು ಕೂಡ ಅವನನ್ನು ಕೇಳಿ ಬಿಡುತ್ತಿದ್ದರು.

ಪಂಪ್‌ಹೌಸು ಬಂದಾಗಲೆಲ್ಲ ಅವನು ಮುಖ ಆ ಕಡೆ ತಿರುಗಿಸುತ್ತಿದ್ದ. ತುಕ್ಕು ಹಿಡಿದ ಬಾಗಿಲು, ಅದರ ಮುಂದೆ ನೀರಿನ ಲೋಟ ಹಿಡಿದು ನಿಂತ ಇಬ್ಬರು. ಇಲ್ಲೇ ಅಲ್ಲವೇ, ಇಲ್ಲೇ, ಎನ್ನುತ್ತ ತನ್ನೊಳಗೇ ಸುತ್ತುತ್ತಿದ್ದವನಿಗೆ ಹೊರಗಿನ ಸುತ್ತು ಕೈತಪ್ಪಿದ್ದು ಗೊತ್ತಾಗಲಿಲ್ಲ.

"ಇದು ಎಷ್ಟನೇದೋ?"

ಅದೇ ಜಾಗ, ಅದೇ ದನಿ. ಅವನು ಬಾಯಿ ತೆರೆದ. ಮೂರೋ, ನಾಲ್ಕೋ? ತಲೆಯೊಳಗೆ ಕೈಯಾಡಿಸಿದ ಹಾಗಾಯಿತು, ಏನೂ ಸಿಗಲಿಲ್ಲ.

"ನಿಮಗೆ ಎಷ್ಟು ಅನ್ಸುತ್ತೆ ಭಾವ?"

"ನನಗೆ ಅನ್ಸೋದು ಬಿಡಪ್ಪ, ಅದನ್ನ ಯಾರು ಕೇಳ್ತಾರೆ. ನೀನ್ಹೇಳು."

"ಇಲ್ಲ, ನೀವು ಹೇಳಿ."

ಭಾವ ಹಿಂದೆ ನೋಡಿದರು, ಅನುಮಾನದಿಂದ, ಪರೀಕ್ಷೆ ಮಾಡುತ್ತಿದ್ದಾನೇನೋ ಎನ್ನುವ ಹಾಗೆ. "ನಾಲ್ಕು ಅನ್ಸುತ್ತೆ. ನೀನು ಐದು ಅಂದ್ರೆ ಐದು."

ನೀನು ಐದು ಅಂದ್ರೆ ಐದು. ಅವನು ಪೆಡಲ್ ತುಳಿಯುವುದನ್ನು ನಿಲ್ಲಿಸಿದ.

"ನಾಲ್ಕೇ ಭಾವ," ಎಂದ. "ನನಗೇ ತಪ್ಪಿಹೋಗಿತ್ತು. ನಿಮ್ಮ ಎಣಿಕೆ ಸರಿ." ಆಮೇಲೆ ಒಂದೇ ಉಸಿರಿನಲ್ಲಿ, "ಹೋದ ವರ್ಷಾನೂ ನಾಲ್ಕೇ ಆಗಿತ್ತು. ನೀವು ಕೇಳಿದ್ರಿ. ನಾನು ಕೊನೇದು ಅಂದೆ. ಆಮೇಲೆ ಇಲ್ಲ ಅಂದುಬಿಟ್ಟೆ."

ಭಾವನ ಸೈಕಲ್ ತನ್ನಷ್ಟಕ್ಕೆ ಉರುಳುತ್ತಿತ್ತು. ಹಿಂಚಕ್ರ ಕಟಕಟ ಎನ್ನುತ್ತಿತ್ತು. ಹಿಂದಿನಿಂದ ಬಂದವನೊಬ್ಬ, "ದಾರಿ ಬಿಡಿ ಸ್ವಾಮಿ, ಮನೇಲಿ ಮಾತಾಡ್ಕೊಳ್ಳಿ!" ಎಂದು ಕೂಗಿ ನಡುವೆ ನುಗ್ಗಿ ಹೋದ.

"ಯಾಕೋ?"

"ತಮಾಷೆಗೆ."

"ಒಂದು ವರ್ಷ ನಡೀತಾ ತಮಾಷೆ?"

ತುಸು ದೂರ ಹೋದ ಮೇಲೆ ಭಾವ ರಸ್ತೆಯನ್ನೇ ನೋಡುತ್ತ ಹೇಳಿದರು, "ಡಾಕ್ಟರು ನೂರರಿಂದ ಏಳೇಳು ಕಳೀತಾ ಹೋಗಿ ಅಂದ್ರು. ತೊಂಬತ್ಮೂರು ಅನ್ನೋಕೆ ನಾಲಿಗೆ ಏಳಲಿಲ್ಲ ಕಣೋ. ಅಪ್ಪನ ಮುಖಾನೇ ಕಣ್ಮುಂದೆ. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ."

"ಹೌದು ಭಾವ."

"ಹೊರಗೆ ಬಂದಾಗ ಬಿಸ್ಕತ್ತು ತಂದುಕೊಟ್ಟೆ."

"ಹೌದು."

"ಎರಡು ತಿಂದೆ. ಎರಡೇ. ಚೆನ್ನಾಗಿ ನೆನಪಿದೆ." ನಕ್ಕರೋ ಏನೋ, ಬೆನ್ನಷ್ಟೇ ಕಾಣುತ್ತಿತ್ತು. "ನಿಮ್ಮಕ್ಕನಿಗೆ ನಾನು ಹೇಳಲ್ಲ."

ಒಂದು ಕ್ಷಣ ಅವನ ಎದೆ ಹಗುರಾಯಿತು. ಪಾಪಿ ಎದೆ.

"ನೀನು ಹೇಳ್ಬೇಕು. ಇವತ್ತೇ. ಗೆರೆ ದಾಟಿದ ತಕ್ಷಣ. ಇನ್ನು ನನ್ನ ಜೊತೆ ಬರಬೇಡ."

ಭಾವ ತುಳಿಯತೊಡಗಿದರು. ಜೋರಾಗಲ್ಲ, ಕೋಪದಲ್ಲಿ ಕೂಡ ಅವರು ಅಳತೆ ಮೀರಲಿಲ್ಲ. ಅವನು ಅಂತರ ಬೆಳೆಯಲು ಬಿಟ್ಟ. ಐದನೆಯ ಸುತ್ತಿನ ಏರಿನಲ್ಲಿ ಪದ್ಯವೇನಾದರೂ ಕೇಳೀತೇ ಎಂದು ಕಿವಿಗೊಟ್ಟ. ಗಾಳಿಯೊಂದೇ ಕೇಳಿತು.

ಓಟ ಐದು ಕಿಲೋಮೀಟರು. ಅವನ ಕಾಲಿನಲ್ಲಿ ಕಸುವಿತ್ತು, ಉಸಿರಿತ್ತು. ಆದರೂ ಹೆಜ್ಜೆ ತಾನಾಗಿ ಚಿಕ್ಕದಾಗುತ್ತ ಬಂತು. ಎರಡು ಸಾಲಲ್ಲ, ಆರು ಸಾಲನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುವಷ್ಟು ನಿಧಾನ. ಮುಂದೆ ಅಕ್ಕ ನಿಂತಿದ್ದಾಳೆ, ಓಡಿದಷ್ಟೂ ಹತ್ತಿರವಾಗುತ್ತಾಳೆ. ಏನೆಂದು ಶುರು ಮಾಡುವುದು? ಹತ್ತು ಬಗೆಯಲ್ಲಿ ಮಾತು ಕೂಡಿಸಿದ. ಪ್ರತಿಯೊಂದರಲ್ಲೂ 'ತಮಾಷೆಗೆ' ಎಂಬುದು ಎಲ್ಲಾದರೊಂದು ಕಡೆ ನುಸುಳಿಬರುತ್ತಿತ್ತು. ಅದನ್ನು ತೆಗೆದು ನೋಡಿದರೆ ಉಳಿಯುವ ಮಾತು ಬಹಳ ಚಿಕ್ಕದು.

ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದ ಹೆಂಗಸೊಬ್ಬರು ಅವನ ಸಮಕ್ಕೆ ಬಂದರು. "ಏನಪ್ಪಾ, ಕಾಲು ಹಿಡ್ಕೊಂಡಿತಾ?"

"ಇಲ್ಲಮ್ಮ."

"ಹೊಟ್ಟೆನೋವಾ?"

"ಇಲ್ಲ."

"ಮತ್ತಿನ್ನೇನು ಬಂತು ರೋಗ? ಓಡು!" ಎಂದು ಗದರಿಸಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಮುಂದೆ ಹೋದರು.

ಅವನು ಓಡಿದ.

ಗೆರೆಯ ಆಚೆ ಅಕ್ಕ ಹಗ್ಗಕ್ಕೆ ಒರಗಿ, ತುದಿಗಾಲಲ್ಲಿ ನಿಂತಿದ್ದಳು. ಅವನನ್ನು ಕಂಡದ್ದೇ ಎರಡೂ ಕೈ ಮೇಲೆತ್ತಿದಳು. ಸ್ವಲ್ಪ ದೂರದಲ್ಲಿ ಭಾವ ಈ ಕಡೆ ಬೆನ್ನು ಮಾಡಿ, ನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

"ಮುಗಿಸಿದ್ರು ಕಣೋ!" ಅಕ್ಕನ ಕಣ್ಣು ತುಂಬಿತ್ತು. "ಪೂರ್ತಿ ಮುಗಿಸಿದ್ರು. ಒಂದು ಸುತ್ತೂ ತಪ್ಪಿಲ್ಲ ಅಂದಳು ಪುಸ್ತಕದವಳು. ನೀನು ಎಣಿಸಿದ್ದಕ್ಕೇ ಆಗಿದ್ದು, ನೀನಿಲ್ದಿದ್ರೆ..." ಒದ್ದೆ ಬಟ್ಟೆಯಿಂದ ಅವನ ಹಣೆ ಒರೆಸಲು ಬಂದಳು. ಅವನು ತಲೆ ಹಿಂದಕ್ಕೆ ಸರಿಸಿದ.

"ನಾನು ಎಣಿಸಲಿಲ್ಲ ಅಕ್ಕ. ಅವರೇ ಎಣಿಸಿದ್ದು."

"ಏನೋ ಹಾಗಂದ್ರೆ? ಅವರೂ ಯಾಕೋ ಮಾತಾಡ್ತಿಲ್ಲ. ಏನು ಕೇಳಿದ್ರೂ 'ಅವನು ಬರಲಿ' ಅಂತಾರೆ. ದಾರೀಲಿ ಜಗಳ ಆಡಿದ್ರಾ?"

"ಒಂದು ಮಾತು ಹೇಳ್ಬೇಕು."

"ಮೊದಲು ಉಸಿರು ತಗೋ."

"ಉಸಿರಿದೆ ಅಕ್ಕ."

ಅಕ್ಕ ಅವನ ಮುಖ ನೋಡಿದಳು. ನಗು ಇನ್ನೂ ಅವಳ ತುಟಿಯ ಮೇಲೆ ಇತ್ತು, ಹೋಗಬೇಕೋ ನಿಲ್ಲಬೇಕೋ ತಿಳಿಯದೆ. ಹಿಂದೆ ರಸ್ತೆಯಂಚಿಗೆ ಉದ್ದಕ್ಕೆ ಕಲ್ಲು ಹಾಸಿದ್ದರು. ಅದರ ಮೇಲೆ ಕೂತು, ಪಕ್ಕದ ಕಲ್ಲಿನ ಧೂಳನ್ನು ಅಂಗೈಯಿಂದ ಒರೆಸಿ, ಮತ್ತೊಮ್ಮೆ ಒರೆಸಿ, ಅವನಿಗೆ ಜಾಗ ಮಾಡಿಕೊಟ್ಟಳು.